ಕಾರ್ಯಕರ್ತರ ಮನಸ್ಸು, ಸಂಸ್ಥೆಯ ಜವಾಬ್ದಾರಿ

(ಜಿಲ್ಲೆ, ತಾಲೂಕು ಮಟ್ಟದಲ್ಲಿ ಮಾನವ ಹಕ್ಕುಗಳ ಕೆಲಸ ಮಾಡುವ ಸಣ್ಣ ಸಂಸ್ಥೆಗಳ ಮುಖ್ಯಸ್ಥರಿಗೆ ಮತ್ತು ಸಂಯೋಜಕರಿಗೆ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

2018ರ ಮೇ ತಿಂಗಳಲ್ಲಿ, ಮಾನವ ಹಕ್ಕುಗಳಿಗಾಗಿ ಜಗತ್ತಿನಾದ್ಯಂತ ಕೆಲಸ ಮಾಡುವ ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಸಂಸ್ಥೆಯ ಒಬ್ಬ ಹಿರಿಯ ಸಂಶೋಧಕರು ಪ್ಯಾರಿಸ್ಸಿನ ತಮ್ಮ ಕಛೇರಿಯಲ್ಲೇ ತಾವಾಗಿ ಜೀವ ಕಳೆದುಕೊಂಡರು. ಮೂವತ್ತು ವರ್ಷ ಆ ಕೆಲಸ ಮಾಡಿದವರು ಅವರು. ಆ ನಂತರ ಸಂಸ್ಥೆ ಹೊರಗಿನವರಿಂದ ತನ್ನ ಸಿಬ್ಬಂದಿಯ ಸ್ಥಿತಿಗತಿ ಕುರಿತು ಒಂದು ಪರಿಶೀಲನೆ ಮಾಡಿಸಿತು. ವರದಿ 2019ರ ಆರಂಭದಲ್ಲಿ ಬಂತು. ಉತ್ತರ ಕೊಟ್ಟ ಸಿಬ್ಬಂದಿಯಲ್ಲಿ ಶೇ. 39ರಷ್ಟು ಜನ, ಇಲ್ಲಿ ಕೆಲಸ ಮಾಡಿದ್ದರಿಂದಲೇ ದೇಹದ ಅಥವಾ ಮನಸ್ಸಿನ ಕಾಯಿಲೆ ಬಂತು ಎಂದಿದ್ದರು. ಚಿತ್ರಹಿಂಸೆ, ಕೊಲೆ, ಅತ್ಯಾಚಾರದ ಕಥೆ ಕೇಳಿ ಕೇಳಿ ಹೀಗಾಯಿತು ಎಂದು ವರದಿ ಹೇಳಬಹುದು ಅಂತ ನೀವು ಊಹಿಸಿರುತ್ತೀರಿ. ಅದೂ ಇತ್ತು. ಆದರೆ ಬಹುಪಾಲು ತೊಂದರೆಯ ಬೇರು ಸಂಸ್ಥೆ ನಡೆಯುತ್ತಿದ್ದ ರೀತಿಯಲ್ಲೇ ಇದೆ ಎಂದು ವರದಿ ಬರೆಯಿತು. ಎಲ್ಲರೆದುರು ಅವಮಾನ ಮಾಡುವುದು, ಮೇಲಿನವರ ದಬ್ಬಾಳಿಕೆ, ಹೊರೆಗೆ ಮಿತಿಯಿಲ್ಲದಿರುವುದು, ನೋವು ಹೇಳಿಕೊಂಡವರನ್ನು ಅಳುಬುರುಕರೆಂದು ನೋಡುವುದು. ಮೇಲಿನ ನಾಯಕತ್ವದ ಬಹುತೇಕರು ಆ ವರ್ಷವೇ ಜಾಗ ಖಾಲಿ ಮಾಡಬೇಕಾಯಿತು.

ಈ ಮಾತಿನಿಂದ ಶುರು ಮಾಡಿದ್ದಕ್ಕೆ ಕಾರಣವಿದೆ. ನಮ್ಮ ಸಂಸ್ಥೆಗಳಲ್ಲಿ ಸಿಬ್ಬಂದಿಯ ಮಾನಸಿಕ ಆರೋಗ್ಯ ಎಂದ ಕೂಡಲೇ ವರ್ಷಕ್ಕೊಂದು ಯೋಗ ಶಿಬಿರ, ಒಂದು ರೆಸಾರ್ಟ್ ಟ್ರಿಪ್ಪು, ಹತ್ತು ನಿಮಿಷ ಕಣ್ಣು ಮುಚ್ಚಿ ಉಸಿರಾಟ, ಅಲ್ಲಿಗೆ ಮುಗಿಯಿತು. ಯೋಗದ ಮೇಲೆ ಜಗಳವಿಲ್ಲ. ಆದರೆ ಭಾನುವಾರ ರಾತ್ರಿ ಹತ್ತೂವರೆಗೆ ಫೋನ್ ಮಾಡಿ ‘ಆ ರಿಪೋರ್ಟು ಏನಾಯ್ತಮ್ಮ’ ಎಂದು ಕೇಳುವ ಮುಖ್ಯಸ್ಥರಿರುವ ಕಡೆ ಸೋಮವಾರ ಬೆಳಗಿನ ಪ್ರಾಣಾಯಾಮ ಏನೂ ಮಾಡಲಾರದು. ಇವತ್ತು ಹೇಳುವುದೆಲ್ಲ ಕೆಲಸವನ್ನು ಹೇಗೆ ಹಂಚುತ್ತೀರಿ, ಫೋಟೊ ಎಲ್ಲಿಡುತ್ತೀರಿ, ಫೋನು ಯಾರೆತ್ತುತ್ತಾರೆ, ಬಜೆಟ್ಟಿನ ಯಾವ ಸಾಲಿನಲ್ಲಿ ದುಡ್ಡಿಡುತ್ತೀರಿ ಎಂಬಂಥ ಸಂಗತಿಗಳೇ.

ಮೊದಲು, ಯಾರಿಗೆ ಪೆಟ್ಟು ಬೀಳುತ್ತದೆ ಎಂಬುದು. ಅಮೆರಿಕದ ಮಾನಸಿಕ ವೈದ್ಯರ ಸಂಘ 2013ರಲ್ಲಿ ಪರಿಷ್ಕರಿಸಿದ ರೋಗನಿರ್ಣಯ ಕೈಪಿಡಿ, ಕೆಲಸದ ಭಾಗವಾಗಿ ಭೀಕರ ವಿವರಗಳನ್ನು ಮತ್ತೆ ಮತ್ತೆ ಕೇಳುವುದು, ನೋಡುವುದು ಸಹ ಆಘಾತೋತ್ತರ ಒತ್ತಡದ ಕಾಯಿಲೆಗೆ, ಅಂದರೆ ಪಿಟಿಎಸ್‌ಡಿಗೆ ಕಾರಣವಾಗಬಹುದು ಎಂದು ಒಪ್ಪಿಕೊಂಡಿತು. ಸ್ವಂತಕ್ಕೆ ಏನೂ ಆಗಿರಬೇಕಿಲ್ಲ. 2015ರಲ್ಲಿ ಪ್ರಕಟವಾದ ಕೊಲಂಬಿಯಾ ವಿಶ್ವವಿದ್ಯಾಲಯದವರಿದ್ದ ತಂಡದ ಅಧ್ಯಯನವೊಂದು ಬೇರೆ ಬೇರೆ ದೇಶಗಳ 346 ಹಕ್ಕು ಕಾರ್ಯಕರ್ತರನ್ನು ಆನ್‌ಲೈನ್‌ನಲ್ಲಿ ಪ್ರಶ್ನಿಸಿತು. ಶೇ. 19.4ರಷ್ಟು ಜನರಲ್ಲಿ ಪಿಟಿಎಸ್‌ಡಿ ಲಕ್ಷಣಗಳಿದ್ದವು, ಶೇ. 14.7ರಷ್ಟು ಜನರಲ್ಲಿ ಖಿನ್ನತೆಯ ಲಕ್ಷಣಗಳಿದ್ದವು. ತಾವಾಗಿ ಮುಂದೆ ಬಂದವರಷ್ಟೇ ಉತ್ತರಿಸಿದ್ದರಿಂದ ಇದನ್ನು ಇಡೀ ಕ್ಷೇತ್ರದ ಲೆಕ್ಕ ಎನ್ನಲಾಗದು. ಆದರೂ ಆ ಅಧ್ಯಯನದ ಇನ್ನೊಂದು ಅಂಶ ನನಗೆ ಅಂಕಿಗಳಿಗಿಂತ ಮುಖ್ಯವಾಗಿ ಕಾಣುತ್ತದೆ: ತಮ್ಮ ಕೆಲಸದ ಬಗ್ಗೆ ತಾವೇ ಕಟುವಾಗಿ ತೀರ್ಪು ಕೊಟ್ಟುಕೊಳ್ಳುವವರ, ಎಲ್ಲವೂ ಪರಿಪೂರ್ಣವಾಗಿರಬೇಕೆಂಬ ಹಟದವರ ಸ್ಥಿತಿ ಹೆಚ್ಚು ಹದಗೆಟ್ಟಿತ್ತು.

ಇದು ನಮ್ಮ ಜೀತವಿಮುಕ್ತಿ ಕಾರ್ಯಕರ್ತರಿಗೆ ನೇರ ತಾಗುವ ವಿಷಯ. ಇಟ್ಟಿಗೆ ಭಟ್ಟಿಯಿಂದ ಒಂದು ಕುಟುಂಬವನ್ನು ಬಿಡಿಸುತ್ತಾರೆ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯ ಪ್ರಕಾರ ವಿಚಾರಣೆ ನಡೆದು ಉಪವಿಭಾಗಾಧಿಕಾರಿ ಬಿಡುಗಡೆ ಪತ್ರಕ್ಕೆ ಸಹಿ ಹಾಕಬೇಕು. ಆ ಸಹಿ ತಿಂಗಳುಗಟ್ಟಲೆ ಬರುವುದಿಲ್ಲ. ಹೊಟ್ಟೆಗಿಲ್ಲದ ಕುಟುಂಬ ಮತ್ತೆ ಅದೇ ಮೇಸ್ತ್ರಿಯಿಂದ ಮುಂಗಡ ತೆಗೆದುಕೊಂಡು ಹೊರಟುಬಿಡುತ್ತದೆ. ಕಾರ್ಯಕರ್ತ ಅದನ್ನು ತನ್ನ ಸೋಲೆಂದು ಬಗೆಯುತ್ತಾನೆ. ವರ್ಷದ ಕೊನೆಗೆ ನಾವು ಕೇಳುವುದೂ ಅದನ್ನೇ: ‘ಎಷ್ಟು ಬಿಡುಗಡೆ ಪತ್ರ ಬಂತು?’ ಅವನ ಕೈಯಲ್ಲಿಲ್ಲದ ಸಹಿಯಿಂದ ಅವನ ವರ್ಷವನ್ನು ಅಳೆದಂತಾಯಿತು.

ಇದಕ್ಕೊಂದು ಸರಳ ಕ್ರಮವಿದೆ. ಪ್ರತಿ ಕೇಸ್ ಫೈಲಿನ ಮೊದಲ ಹಾಳೆಯ ನಡುವೆ ಗೆರೆ ಎಳೆಯಿರಿ. ಎಡಕ್ಕೆ ನಮ್ಮ ಕೈಯಲ್ಲಿರುವ ಕೆಲಸ: ಅರ್ಜಿ ಕೊಡುವುದು, ಹೇಳಿಕೆ ಬರೆದುಕೊಳ್ಳುವುದು, ಹದಿನೈದು ದಿನಕ್ಕೊಮ್ಮೆ ವಿಚಾರಿಸುವುದು, ಮೇಲಧಿಕಾರಿಗೆ ಬರೆಯುವುದು. ಬಲಕ್ಕೆ ನಮ್ಮ ಕೈಯಲ್ಲಿಲ್ಲದ್ದು: ಸಹಿ, ಜಾಮೀನು, ತೀರ್ಪು, ಸಾಕ್ಷಿ ತಿರುಗಿಬೀಳುವುದು. ಕೆಲಸದ ಮೌಲ್ಯಮಾಪನ ಎಡಗಡೆಯ ಮೇಲೆ ಮಾತ್ರ. ದಾನಿ ಸಂಸ್ಥೆಗೆ ಬಿಡುಗಡೆ ಪತ್ರದ ಸಂಖ್ಯೆ ಬೇಕಿದ್ದರೆ ಅದನ್ನು ಸಂಸ್ಥೆಯ ಲೆಕ್ಕವಾಗಿ ಕೊಡಿ, ವ್ಯಕ್ತಿಯ ಹೆಸರಿನ ಮುಂದೆ ಬರೆಯಬೇಡಿ. ಹೀಗೆ ಮಾಡಿದರೆ ಸೋಮಾರಿಗಳಾಗುತ್ತಾರೆ ಎಂಬ ಆಕ್ಷೇಪ ಬಂದೇ ಬರುತ್ತದೆ. ಎಡಗಡೆಯ ಪಟ್ಟಿ ಉದ್ದವಿದೆ, ಸೋಮಾರಿತನ ಅಲ್ಲೇ ಕಾಣುತ್ತದೆ.

ಈಗ ಪೆಟ್ಟು ಬೀಳುವ ಇತರರ ಕಡೆ ಬರೋಣ. ಫೀಲ್ಡಿಗೆ ಹೋದವರನ್ನು ಎಲ್ಲರೂ ವಿಚಾರಿಸುತ್ತಾರೆ. ಟೈಪಿಸ್ಟನ್ನು ಯಾರೂ ವಿಚಾರಿಸುವುದಿಲ್ಲ. ಒಂದು ಗಂಟೆಯ ಧ್ವನಿಮುದ್ರಣವನ್ನು ಅಕ್ಷರಕ್ಕಿಳಿಸಲು ನಾಲ್ಕೈದು ಗಂಟೆ ಬೇಕು. ಸಂದರ್ಶನ ಮಾಡಿದವರು ಆ ತಾಯಿಯ ಅಳುವಿನ ನಡುವಿನ ಮಾತನ್ನು ಕೇಳಿದ್ದು ಒಂದೇ ಸಲ. ಆದರೆ ಟೈಪಿಸ್ಟ್ ಆಕೆ ಏನೆಂದಳು ಎಂದು ಗೊತ್ತಾಗದೆ ಅದೇ ವಾಕ್ಯವನ್ನು ಹಿಂದಕ್ಕೆ ತಳ್ಳಿ ಆರೇಳು ಸಲ ಕೇಳುತ್ತಾಳೆ, ಅದೂ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು. ಭಾಷಾಂತರ ಮಾಡುವವರ ಪಾಡು ಇನ್ನೊಂದು ಬಗೆ. ಒಡಿಶಾದಿಂದ ಬಂದ ಭಟ್ಟಿ ಕಾರ್ಮಿಕಳ ಮಾತನ್ನು ಕನ್ನಡಕ್ಕೆ ತರುವಾಗ ‘ನನ್ನನ್ನು ಹೊಡೆದರು, ನನ್ನನ್ನು ಕೂಡಿಹಾಕಿದರು’ ಎಂದು ‘ನಾನು’ ಹಾಕಿಯೇ ಹೇಳಬೇಕು. ಗಂಟೆಗಟ್ಟಲೆ ಆ ‘ನಾನು’ ಬಾಯಲ್ಲಿದ್ದರೆ ರಾತ್ರಿ ಅದು ಬಿಟ್ಟುಹೋಗುವುದಿಲ್ಲ. ಚಾಲಕರಿದ್ದಾರೆ, ಶವಾಗಾರದ ಬಾಗಿಲಲ್ಲಿ ಮೂರು ಗಂಟೆ ಕಾದವರು. ಲೆಕ್ಕದವರಿದ್ದಾರೆ, ಬಿಲ್ಲುಗಳ ಜೊತೆ ಪೋಸ್ಟ್‌ಮಾರ್ಟಂ ವರದಿಯ ಪ್ರತಿ ಬರುವುದು ಅವರ ಮೇಜಿಗೇ. ಇಂಥವರನ್ನು ಬಿಟ್ಟು ಮಾಡುವ ಯಾವ ವ್ಯವಸ್ಥೆಯೂ ಅರ್ಧವೇ.

ಟೈಪಿಂಗಿಗೆ ನಿಯಮ ಹೀಗಿರಲಿ: ಸಂದರ್ಶಿಸಿದವರೇ ಮುದ್ರಣದ ಯಾವ ನಿಮಿಷದಿಂದ ಯಾವ ನಿಮಿಷದವರೆಗೆ ಭಾರವಾದ ಭಾಗವಿದೆ ಎಂದು ಚೀಟಿ ಬರೆದು ಕೊಡಬೇಕು. ಆ ಭಾಗವನ್ನು ಅವರೇ ಅಕ್ಷರಕ್ಕಿಳಿಸಬೇಕು, ಅಥವಾ ಟೈಪಿಸ್ಟಿನ ಪಕ್ಕದಲ್ಲಿ ಕೂತು ಹೇಳಿ ಬರೆಸಬೇಕು. ಇಂಥ ಕೆಲಸ ದಿನಕ್ಕೆ ಎರಡು ಗಂಟೆ ಮೀರಬಾರದು, ಸಂಜೆ ನಾಲ್ಕರ ನಂತರ ಬೇಡ. ಯಾಕೆಂದರೆ ಅದನ್ನು ಕೇಳಿದ ಕೂಡಲೇ ಬಸ್ಸು ಹತ್ತಿ ಮನೆಗೆ ಹೋಗಿ ಅಡುಗೆ ಮಾಡಬೇಕಾದವಳು ಅವಳು. ನಡುವೆ ಬೇರೆ ಕೆಲಸದ ಒಂದು ಗಂಟೆ ಇರಲಿ.

ಫೋಟೊ, ವಿಡಿಯೊದ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಅತಿ ಹೆಚ್ಚು ಹಾನಿ ಆಗುವುದೂ, ಅತಿ ಕಡಿಮೆ ಖರ್ಚಿನಲ್ಲಿ ತಡೆಯಬಹುದಾದದ್ದೂ ಇಲ್ಲೇ. ಮ್ಯಾನ್‌ಹೋಲಿನಲ್ಲಿ ಇಳಿದ ಇಬ್ಬರು ಉಸಿರುಕಟ್ಟಿ ಸತ್ತ ಪ್ರಕರಣ ಎಂದಿಟ್ಟುಕೊಳ್ಳಿ. ಮಲ ಹೊರುವ ಪದ್ಧತಿ ನಿಷೇಧದ 2013ರ ಕಾಯ್ದೆಯಿದೆ, ಇಂಥ ಸಾವಿಗೆ ಪರಿಹಾರವನ್ನು 30 ಲಕ್ಷಕ್ಕೆ ಏರಿಸಿದ ಸುಪ್ರೀಂ ಕೋರ್ಟಿನ 2023ರ ತೀರ್ಪಿದೆ. ಹಾಗಾಗಿ ಪುರಾವೆ ಬೇಕೇ ಬೇಕು. ಸ್ಥಳಕ್ಕೆ ಹೋದವರು ಹದಿನೆಂಟು ಫೋಟೊ ತೆಗೆದು ಸಂಸ್ಥೆಯ ವಾಟ್ಸ್ಯಾಪ್ ಗ್ರೂಪಿಗೆ ಸುರಿಯುತ್ತಾರೆ. ಗ್ರೂಪಿನಲ್ಲಿ ನಲವತ್ತು ಜನ. ಊಟ ಮಾಡುತ್ತಿದ್ದವರ, ಬಸ್ಸಿನಲ್ಲಿದ್ದವರ ಪರದೆಯ ಮೇಲೆ ಹೇಳದೆ ಕೇಳದೆ ಶವ. ಫೋಟೊಗಳು ತಾವೇ ಡೌನ್‌ಲೋಡ್ ಆಗಿ ಗ್ಯಾಲರಿಯಲ್ಲಿ ಕೂರುತ್ತವೆ. ರಾತ್ರಿ ಮಗು ಕಾರ್ಟೂನಿಗೆಂದು ಅದೇ ಫೋನು ಕೈಗೆತ್ತಿಕೊಳ್ಳುತ್ತದೆ.

ಆದ್ದರಿಂದ ಮೊದಲ ಕೆಲಸ: ಮುಂದಿನ ಸಭೆಯಲ್ಲಿ ಎಲ್ಲರೂ ಕೂತು ವಾಟ್ಸ್ಯಾಪ್ ಸೆಟ್ಟಿಂಗ್ಸ್‌ನಲ್ಲಿ ಆಟೋ ಡೌನ್‌ಲೋಡ್ ಮತ್ತು ಗ್ಯಾಲರಿಯಲ್ಲಿ ಕಾಣಿಸುವ ಆಯ್ಕೆ ಎರಡನ್ನೂ ಆಫ್ ಮಾಡಿ. ಹತ್ತು ನಿಮಿಷ ಸಾಕು. ಎರಡನೆಯದು, ಗ್ರೂಪಿಗೆ ಫೋಟೊ ಹಾಕುವುದೇ ಬೇಡ, ಬರಹ ಮಾತ್ರ: ‘ಇಬ್ಬರ ಸಾವು, ಸ್ಥಳ ಇಂಥದ್ದು, ಫೋಟೊಗಳಿವೆ.’ ಫೋಟೊಗಳನ್ನು ಒಬ್ಬರು ಪಾಸ್‌ವರ್ಡ್ ಇರುವ ಫೋಲ್ಡರಿಗೆ ಹಾಕಿ, ಪ್ರತಿಯೊಂದರ ಹೆಸರಿನಲ್ಲೇ ಒಳಗೇನಿದೆ ಎಂದು ಬರೆಯಬೇಕು: ‘ಸ್ಥಳ-ಶವವಿಲ್ಲ-01’, ‘ಗಾಯ-ಮುಖವಿಲ್ಲ-07’, ‘ಶವ-ಮುಖ ಕಾಣುತ್ತದೆ-11’. ಆಮೇಲೆ ಕೇಳಿಕೊಳ್ಳಿ, ಇದನ್ನು ಯಾರು ನೋಡಲೇಬೇಕು? ವಕೀಲರಿಗೆ ಬಹುಶಃ ನಾಲ್ಕು ಬೇಕು. ವರದಿ ಬರೆಯುವವರಿಗೆ ಪಟ್ಟಿಯ ವಿವರಣೆ ಸಾಕು. ಪೋಸ್ಟರ್ ಮಾಡುವವರಿಗೆ ಮಬ್ಬು ಮಾಡಿದ್ದು ಒಂದು. ಮಿಕ್ಕವರಿಗೆ ಯಾವುದೂ ಬೇಡ.

ನೋಡಲೇಬೇಕಾದವರು ಹೇಗೆ ನೋಡಬೇಕು ಎಂಬುದಕ್ಕೂ ಪದ್ಧತಿಯಿದೆ. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಛೇರಿ ಮತ್ತು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಸೇರಿ 2020ರಲ್ಲಿ ಹೊರತಂದ ಬರ್ಕ್ಲಿ ಪ್ರೋಟೊಕಾಲ್, ಡಿಜಿಟಲ್ ಪುರಾವೆ ಸಂಗ್ರಹದ ನಿಯಮಗಳ ಜೊತೆಗೇ ಸಂಗ್ರಹಿಸುವವರ ಮನಸ್ಸಿನ ಸುರಕ್ಷತೆಯನ್ನೂ ಸೇರಿಸಿಕೊಂಡಿದೆ. ಈ ಕೆಲಸ ಮಾಡುವವರು ರೂಢಿಸಿಕೊಂಡ ಕ್ರಮಗಳು ಇವು: ಮೊದಲು ಧ್ವನಿ ಬಂದ್ ಮಾಡಿ ನೋಡಿ, ಚೀರಾಟ ಚಿತ್ರಕ್ಕಿಂತ ಆಳಕ್ಕೆ ಇಳಿಯುತ್ತದೆ. ಪರದೆ ತುಂಬ ಹಿಗ್ಗಿಸಬೇಡಿ, ಸಣ್ಣ ಕಿಟಕಿಯಲ್ಲೇ ಇರಲಿ. ಬಣ್ಣ ಬೇಕಿಲ್ಲದಿದ್ದರೆ ಕಪ್ಪು ಬಿಳುಪು ಮಾಡಿಕೊಳ್ಳಿ. ಸಮಯ, ಬಟ್ಟೆ, ನಂಬರ್ ಪ್ಲೇಟು ಹೀಗೆ ಹುಡುಕುತ್ತಿರುವುದು ಏನೆಂದು ಮೊದಲೇ ಬರೆದಿಟ್ಟು ಅದನ್ನಷ್ಟೇ ಹುಡುಕಿ. ನಲವತ್ತೈದು ನಿಮಿಷಕ್ಕೆ ಎದ್ದು ಹೊರಗೆ ಬನ್ನಿ. ಮನೆಯ ಮಲಗುವ ಕೋಣೆಯಲ್ಲಿ ಎಂದೂ ಬೇಡ. ಇವುಗಳ ಹಿಂದಿನ ತರ್ಕ ಒಂದೇ: ಸಿದ್ಧವಿಲ್ಲದಾಗ ಎದುರಾದ ದೃಶ್ಯ ಹೆಚ್ಚು ಕಾಡುತ್ತದೆ, ಸಿದ್ಧವಾಗಿ, ಕಾರಣ ತಿಳಿದು ನೋಡಿದ್ದು ಕಡಿಮೆ ಕಾಡುತ್ತದೆ.

ಸತ್ಯಶೋಧನೆಗೆ ತಂಡ ಹೋಗುವಾಗ ಒಬ್ಬರನ್ನೇ ಕಳಿಸಬೇಡಿ. ಒಬ್ಬರು ಕೇಳಲಿ, ಒಬ್ಬರು ಬರೆಯಲಿ, ಮುಂದಿನ ಹೇಳಿಕೆಗೆ ಅದಲು ಬದಲಾಗಲಿ. ವಿವರವಾದ ಹೇಳಿಕೆ ದಿನಕ್ಕೆ ಮೂರಕ್ಕಿಂತ ಹೆಚ್ಚು ಬೇಡ. ನಾಲ್ಕನೆಯದರಲ್ಲಿ ಕೇಳುವವರ ಕಿವಿ ಮಂದವಾಗಿ ದಿನಾಂಕ, ಹೆಸರು ತಪ್ಪುತ್ತವೆ, ಕೋರ್ಟಿನಲ್ಲಿ ಅದೇ ಮುಳುವಾಗುತ್ತದೆ. ಅಂದರೆ ಇದು ಕೇಸಿಗೂ ಒಳ್ಳೆಯದು. ದಾನಿಗಳ ಮುಂದೆ, ವಕೀಲರ ಮುಂದೆ ಈ ವಾದ ಬಳಸಿ, ಕೆಲಸ ಮಾಡುತ್ತದೆ.

ವಾಪಸ್ ಬಂದ ಮೇಲಿನ ಮೂರು ದಿನದಲ್ಲಿ ಮಾಡಬಾರದ್ದೊಂದಿದೆ. ಎಲ್ಲರನ್ನೂ ಸುತ್ತ ಕೂರಿಸಿ ‘ಏನು ನೋಡಿದಿರಿ, ಏನನ್ನಿಸಿತು, ಎಲ್ಲ ಹೇಳಿ ಹಗುರಾಗಿ’ ಎಂದು ಒಬ್ಬೊಬ್ಬರಿಂದಲೂ ಬಾಯಿ ಬಿಡಿಸುವುದು. ಒಳ್ಳೆಯ ಮನಸ್ಸಿನಿಂದಲೇ ಮಾಡುತ್ತಾರೆ. ಆದರೆ ಆಘಾತದ ಬೆನ್ನಿಗೇ ನಡೆಸುವ ಇಂಥ ಒಂದು ಸಲದ ಕಡ್ಡಾಯ ಡಿಬ್ರೀಫಿಂಗ್ ಪಿಟಿಎಸ್‌ಡಿಯನ್ನು ತಡೆಯುವುದಿಲ್ಲ, ಕೆಲವರಲ್ಲಿ ಹೆಚ್ಚಿಸಲೂಬಹುದು ಎಂದು ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗಿಟ್ಟು ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯ 2002ರ ವಿಮರ್ಶೆ ತೋರಿಸಿತು. ವಿಶ್ವ ಆರೋಗ್ಯ ಸಂಸ್ಥೆಯೂ ಅದನ್ನು ಶಿಫಾರಸು ಮಾಡುವುದಿಲ್ಲ. ಅದರ ಬದಲು ಊಟ, ಸ್ನಾನ, ನಿದ್ದೆ, ಮನೆಯವರ ಜೊತೆ ಇರಲು ಸಮಯ. ಬಂದ ಮರುದಿನ ಕಡ್ಡಾಯ ರಜೆ, ಕೇಳಿ ಪಡೆಯಬೇಕಾದ್ದಲ್ಲ. ‘ಆಮೇಲೆ ಕಾಂಪ್ ಆಫ್ ತಗೊಳ್ಳಿ’ ಎನ್ನುವ ರಜೆ ಎಂದೂ ಬರುವುದಿಲ್ಲ. ತುರ್ತು ಪತ್ರಿಕಾ ಹೇಳಿಕೆ ಬೇಕೇ? ಕಛೇರಿಯಲ್ಲಿ ಉಳಿದವರು ಫೋನಿನಲ್ಲಿ ಅಂಶ ಕೇಳಿ ಬರೆಯಲಿ. ಮೂರನೆಯ ದಿನ ಸಂಯೋಜಕರು ಒಬ್ಬೊಬ್ಬರಿಗೂ ಫೋನ್ ಮಾಡಿ ಮೂರೇ ಪ್ರಶ್ನೆ ಕೇಳಲಿ: ನಿದ್ದೆ ಬರ್ತಿದೆಯಾ, ಊಟ ಸೇರ್ತಿದೆಯಾ, ಯಾವುದಾದರೂ ದೃಶ್ಯ ತಾನಾಗೇ ಕಣ್ಣ ಮುಂದೆ ಬರ್ತಿದೆಯಾ. ಹೇಳಬೇಕೆನಿಸಿದರೆ ಹೇಳುತ್ತಾರೆ. ನಾಲ್ಕು ವಾರದ ನಂತರ ಅದೇ ಮೂರು ಪ್ರಶ್ನೆ ಇನ್ನೊಮ್ಮೆ. ಆಗಲೂ ದೃಶ್ಯ ಬರುತ್ತಿದ್ದರೆ, ನಿದ್ದೆ ಇಲ್ಲದಿದ್ದರೆ, ವೈದ್ಯರ ಬಳಿ ಹೋಗುವ ಹೊತ್ತು.

ಇನ್ನು ತಿಂಗಳ ಮೇಲ್ವಿಚಾರಣಾ ಸಭೆ. ನನ್ನ ಮಟ್ಟಿಗೆ ಒಂದೇ ಒಂದು ಸಂಗತಿ ಮಾಡಲು ದುಡ್ಡಿದ್ದರೆ ಇದನ್ನೇ ಮಾಡಿ ಎನ್ನುತ್ತೇನೆ. ಎಂಟು ಜನಕ್ಕಿಂತ ಹೆಚ್ಚಿಲ್ಲದ ಗುಂಪು, ತೊಂಬತ್ತು ನಿಮಿಷ, ಹೊರಗಿನ ಒಬ್ಬ ಅನುಭವಿ ಆಪ್ತಸಮಾಲೋಚಕರು ಅಥವಾ ಮನೋಸಾಮಾಜಿಕ ಕಾರ್ಯಕರ್ತರು. ಮುಖ್ಯಸ್ಥರು ಒಳಗಿರುವಂತಿಲ್ಲ, ‘ಸುಮ್ನೆ ಮೂಲೇಲಿ ಕೂತಿರ್ತೀನಿ’ ಎಂದರೂ ಇಲ್ಲ. ಮೊದಲ ಹತ್ತು ನಿಮಿಷ ಎಲ್ಲರೂ ಎರಡೆರಡು ಮಾತು, ಈ ತಿಂಗಳು ಹೇಗಿತ್ತು ಎಂದು. ನಂತರ ಐವತ್ತು ನಿಮಿಷ ಎರಡೇ ಪ್ರಕರಣ. ಪ್ರಕರಣ ಕಾನೂನಿನಲ್ಲಿ ಎಲ್ಲಿಗೆ ಬಂತು ಎಂಬ ಚರ್ಚೆ ಶುರುವಾದರೆ ನಡೆಸುವವರು ತಡೆಯಬೇಕು. ಇಲ್ಲಿನ ಪ್ರಶ್ನೆ ಅದು ಕಾರ್ಯಕರ್ತನಿಗೆ ಏನು ಮಾಡಿತು ಎಂಬುದು. ಆಮೇಲೆ ಇಪ್ಪತ್ತು ನಿಮಿಷ, ಕಛೇರಿಯಲ್ಲಿ ಬದಲಾಗಬೇಕಾದ ಒಂದೇ ಒಂದು ಸಂಗತಿ ಯಾವುದು ಎಂದು. ಕೊನೆಯ ಹತ್ತು ನಿಮಿಷದಲ್ಲಿ ಆ ಒಂದು ಸಂಗತಿಯನ್ನು ಮಾತ್ರ ಯಾರ ಹೆಸರೂ ಇಲ್ಲದೆ ಒಂದು ಸಾಲಿನಲ್ಲಿ ಬರೆದು ಮುಖ್ಯಸ್ಥರಿಗೆ ಕಳಿಸುವುದು. ಮಿಕ್ಕಿದ್ದೆಲ್ಲ ಆ ಕೋಣೆಯಲ್ಲೇ ಉಳಿಯಬೇಕು.

ಈ ಸಭೆಗಳು ಸಾಯುವುದು ಆ ಒಂದು ಸಾಲಿಗೆ ಉತ್ತರ ಬರದಿದ್ದಾಗ. ‘ಹೆಣ್ಣುಮಕ್ಕಳು ರಾತ್ರಿ ಎಂಟರ ನಂತರ ಬೈಕಿನಲ್ಲಿ ಒಬ್ಬರೇ ವಾಪಸ್ ಬರುವಂತಾಗಬಾರದು’ ಎಂದು ಬರೆದಿರುತ್ತಾರೆ. ಮುಖ್ಯಸ್ಥರು ಎರಡು ವಾರದೊಳಗೆ ಆಗುತ್ತದೆ, ಆಗುವುದಿಲ್ಲ, ಇಷ್ಟು ಆಗುತ್ತದೆ ಎಂದು ಬರಹದಲ್ಲಿ ಉತ್ತರ ಕೊಡಬೇಕು. ಎರಡು ತಿಂಗಳು ಉತ್ತರ ಬರದಿದ್ದರೆ ಮೂರನೆಯ ಸಭೆಯಲ್ಲಿ ಎಲ್ಲರೂ ‘ಎಲ್ಲ ಚೆನ್ನಾಗಿದೆ ಮೇಡಂ’ ಎನ್ನುತ್ತಾರೆ. ಆಗ ನೀವು ‘ನಮ್ಮಲ್ಲಿ ಯಾರಿಗೂ ಸಮಸ್ಯೆಯಿಲ್ಲ’ ಎಂದು ವಾರ್ಷಿಕ ವರದಿಯಲ್ಲಿ ಬರೆಯುತ್ತೀರಿ.

ಲಕ್ಷಣಗಳನ್ನು ಗುರುತಿಸುವುದು ಹೇಗೆ? ನಮ್ಮ ಜನ ‘ನನಗೆ ಖಿನ್ನತೆ’ ಎಂದು ಬರುವುದಿಲ್ಲ. ಗ್ಯಾಸ್ಟ್ರಿಕ್, ತಲೆನೋವು, ‘ಯಾಕೋ ಮೈಯಲ್ಲಿ ಶಕ್ತೀನೇ ಇಲ್ಲ’, ಏರಿದ ಬಿಪಿ. ಮೊದಲು ಕಾಣುವುದು ಕೆಲಸದಲ್ಲಿ: ಹೇಳಿಕೆಗಳನ್ನು ಬರೆದಿಡುವುದು ತಿಂಗಳು ತಡವಾಗುತ್ತದೆ, ಒಂದು ನಿರ್ದಿಷ್ಟ ಊರಿಗೆ ಹೋಗದಿರಲು ನೆಪ ಹುಡುಕುತ್ತಾರೆ, ಬಂದ ಅರ್ಜಿದಾರರ ಮೇಲೆ ರೇಗುತ್ತಾರೆ. ‘ಈ ಜನಾನೇ ಹೀಗೆ, ಎಷ್ಟು ಮಾಡಿದರೂ ಅಷ್ಟೇ’ ಎಂಬ ಮಾತು ತೀರಾ ಮುತುವರ್ಜಿಯಿದ್ದವರ ಬಾಯಲ್ಲಿ ಬಂದರೆ ಗಮನಿಸಿ. ವಿಶ್ವ ಆರೋಗ್ಯ ಸಂಸ್ಥೆ ಬರ್ನ್‌ಔಟ್ ಅನ್ನು, ಅಂದರೆ ಕೆಲಸದ ಒತ್ತಡದಲ್ಲಿ ಸವೆದುಹೋಗುವುದನ್ನು, ಕಾಯಿಲೆ ಎನ್ನದೆ ಕೆಲಸದ ಸ್ಥಳದ ವಿದ್ಯಮಾನ ಎಂದು ವರ್ಗೀಕರಿಸಿ ಹೇಳುವ ಮೂರು ಗುರುತುಗಳಲ್ಲಿ ಇದೊಂದು. ಮಿಕ್ಕ ಎರಡು ಬಸವಳಿಕೆ, ಮತ್ತು ಕೈಲಾಗದು ಎಂಬ ಭಾವ. ಇನ್ನೊಂದು ಬಗೆಯವರಿದ್ದಾರೆ, ರಜೆಯನ್ನೇ ಹಾಕದವರು. ಅವರನ್ನು ನಾವು ಹೊಗಳುತ್ತೇವೆ, ಸನ್ಮಾನ ಬೇರೆ ಮಾಡುತ್ತೇವೆ.

ಸಮೀಕ್ಷೆ ಮಾಡುವವರಿಗೊಂದು ಎಚ್ಚರಿಕೆ. ಪಿಎಚ್‌ಕ್ಯು-9 ಎಂಬ, ಖಿನ್ನತೆ ಅಳೆಯುವ ಒಂಬತ್ತು ಪ್ರಶ್ನೆಗಳ ಪಟ್ಟಿಯನ್ನು ಗೂಗಲ್ ಫಾರ್ಮಿಗೆ ಹಾಕಿ ಹೆಸರಿಲ್ಲದೆ ತುಂಬಿಸಿ ಎಂದು ಕಳಿಸುತ್ತಾರೆ. ಒಂಬತ್ತನೆಯ ಪ್ರಶ್ನೆ ಸಾಯುವ, ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯ ಕುರಿತದ್ದು. ಒಬ್ಬರು ‘ಬಹುತೇಕ ದಿನ’ ಎಂದು ಗುರುತು ಹಾಕಿದರು ಎಂದುಕೊಳ್ಳಿ. ಯಾರೆಂದು ಗೊತ್ತಿಲ್ಲ, ಹನ್ನೆರಡು ಜನರ ಸಂಸ್ಥೆಯಲ್ಲಿ ಊಹೆ ಶುರುವಾಗುತ್ತದೆ. ಕಷ್ಟಪಟ್ಟು ಹೇಳಿಕೊಂಡವರಿಗೆ ಉತ್ತರವೂ ಬರಲಿಲ್ಲ. ಆ ಪಟ್ಟಿ ಎದುರಿಗೆ ಕೂತ ವೈದ್ಯರದೋ ಆಪ್ತಸಮಾಲೋಚಕರದೋ ಕೈಯಲ್ಲಿರಲಿ. ಸಂಸ್ಥೆ ಸಮೀಕ್ಷೆ ಮಾಡುವುದಾದರೆ ಕೆಲಸದ ಬಗ್ಗೆ ಕೇಳಲಿ: ವಾರಕ್ಕೆಷ್ಟು ರಾತ್ರಿ ಕರೆ, ಎಷ್ಟು ರಜೆ ಉಳಿದಿದೆ, ಕೊನೆಯ ಸಲ ಬೈಸಿಕೊಂಡದ್ದು ಎಲ್ಲರೆದುರೇ?

ಯಾರಾದರೂ ಸಾಯುವ ಮಾತಾಡಿದರೆ ಏನು ಮಾಡಬೇಕೆಂಬುದು ಮೊದಲೇ ಒಂದು ಹಾಳೆಯಲ್ಲಿ ಬರೆದಿರಲಿ. ನೇರವಾಗಿ ಕೇಳಿ, ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಒಂಟಿಯಾಗಿ ಬಿಡಬೇಡಿ, ವಿಷ, ಮಾತ್ರೆಗಳಂಥವು ಕೈಗೆಟುಕದಂತೆ ಮಾಡಿ. 14416 ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್, 2022ರ ಅಕ್ಟೋಬರಿನಿಂದ ನಡೆಯುತ್ತಿದೆ, ಹಗಲು ರಾತ್ರಿ ಕನ್ನಡದಲ್ಲಿ ಸಿಗುತ್ತದೆ. ಜೀವಕ್ಕೆ ಈಗಿಂದೀಗಲೇ ಅಪಾಯವಿದ್ದರೆ 112, ಅಥವಾ ಹತ್ತಿರದ ಆಸ್ಪತ್ರೆ. ‘ಪೊಲೀಸ್ ಕೇಸಾಗುತ್ತೆ’ ಎಂಬ ಹೆದರಿಕೆಯಿಂದ ಮುಚ್ಚಿಡುವವರಿಗೆ ಹೇಳಿ: 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಮಿನ ಪ್ರಕಾರ ಅಂಥ ಯತ್ನ ಮಾಡಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸುವಂತಿಲ್ಲ.

ಚಿಕಿತ್ಸೆ ಎಲ್ಲಿ ಎಂಬುದು ಬೆಂಗಳೂರಿನವರಿಗೆ ಸುಲಭ, ನಿಮ್ಹಾನ್ಸ್ ಇದೆ. ಧಾರವಾಡದ ಸುತ್ತಲಿನವರಿಗೆ ಅಲ್ಲಿನ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್. ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ಮನೋಚೈತನ್ಯ ಕಾರ್ಯಕ್ರಮವೂ ಇದೆ. ನಿಮ್ಮ ತಾಲೂಕಿಗೆ ಯಾವ ಮಂಗಳವಾರ ಎಂದು ವಿಚಾರಿಸಿಟ್ಟುಕೊಳ್ಳಿ. ಆದರೆ ಒಂದು ತೊಡಕು. ನಿಮ್ಮ ಕಾರ್ಯಕರ್ತೆ ಸಂತ್ರಸ್ತರನ್ನು ಕರೆದುಕೊಂಡು ಹೋಗುವುದು ಅದೇ ಆಸ್ಪತ್ರೆಗೆ. ಅದೇ ಸಾಲಿನಲ್ಲಿ ತಾನೇ ಚೀಟಿ ಹಿಡಿದು ಕೂತರೆ ನರ್ಸಿನಿಂದ ಪೊಲೀಸ್ ಪೇದೆಯವರೆಗೆ ಎಲ್ಲರೂ ಗುರುತಿಸುತ್ತಾರೆ. ಪಕ್ಕದ ಜಿಲ್ಲೆಗೆ ಹೋಗಿಬರುವ ಬಸ್ ಖರ್ಚು, ಒಂದು ದಿನದ ಸಂಬಳ ಸಹಿತ ರಜೆ ಕೊಡುವುದು ಇಂಥ ಕಡೆ ಚಿಕಿತ್ಸೆಯ ಭಾಗವೇ.

ಇನ್ನೊಂದು ಗುಂಪಿನ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ನಮ್ಮ ಸಂಸ್ಥೆಗಳಲ್ಲಿ ಮುಂಚೂಣಿಯಲ್ಲಿರುವ ಬಹಳಷ್ಟು ಜನ ಅದೇ ಸಮುದಾಯದವರು: ಜೀತದಿಂದ ಹೊರಬಂದವರು, ಪೌರಕಾರ್ಮಿಕರ ಮಕ್ಕಳು, ಮಾಜಿ ದೇವದಾಸಿ ತಾಯಂದಿರು. ‘ಕೆಲಸ ಮುಗಿದ ಮೇಲೆ ಮರೆತುಬಿಡಿ’ ಎಂಬ ಸಲಹೆ ಅವರಿಗೆ ಅನ್ವಯಿಸುವುದೇ ಇಲ್ಲ. ಸತ್ತವನು ಅವರ ಕೇರಿಯವನು. ರಾತ್ರಿ ಹನ್ನೊಂದಕ್ಕೆ ಬಾಗಿಲು ತಟ್ಟಿ ‘ಅಕ್ಕಾ, ನನ್ನ ಗಂಡ ಮತ್ತೆ ಕುಡಿದು ಬಂದು ಹೊಡೀತಿದಾನೆ’ ಎನ್ನುವವಳು ಪಕ್ಕದ ಮನೆಯವಳು. ದೌರ್ಜನ್ಯ ಪ್ರಕರಣ ದಾಖಲಿಸಿದ ಮೇಲೆ ಬಹಿಷ್ಕಾರ ಬಿದ್ದರೆ ಕಿರಾಣಿ ಸಾಮಾನು ಸಿಗದಿರುವುದು ಅವರಿಗೇ. ಇವರನ್ನೇ ನಾವು ‘ಗೌರವಧನ’ದ ಪಟ್ಟಿಯಲ್ಲಿಟ್ಟಿರುತ್ತೇವೆ: ಪಿಎಫ್ ಇಲ್ಲ, ವಿಮೆ ಇಲ್ಲ, ಇಂಗ್ಲಿಷ್ ಬಲ್ಲ ಪ್ರೋಗ್ರಾಂ ಆಫೀಸರಿನ ಸಂಬಳದ ಕಾಲುಭಾಗ. ಅವರ ಮನಸ್ಸಿನ ಆರೋಗ್ಯಕ್ಕೆ ಮೊದಲ ಚಿಕಿತ್ಸೆ ನೇಮಕಾತಿ ಪತ್ರ. ಎರಡನೆಯದು, ಅವರ ಸ್ವಂತ ಹಳ್ಳಿಯ ಪ್ರಕರಣವನ್ನು ಬೇರೆ ತಾಲೂಕಿನ ಕಾರ್ಯಕರ್ತರಿಗೆ ವಹಿಸುವುದು. ಆಪ್ತಸಮಾಲೋಚಕರನ್ನು ಆರಿಸುವಾಗಲೂ ಮೊದಲ ಭೇಟಿಯಲ್ಲೇ ಜಾತಿಯ ಬಗ್ಗೆ ಮಾತಾಡಿ ನೋಡಿ. ‘ಎಲ್ಲದಕ್ಕೂ ಜಾತಿ ತರಬೇಡಿ, ಪಾಸಿಟಿವ್ ಆಗಿ ಯೋಚಿಸಿ’ ಎನ್ನುವವರಾದರೆ ಟೀ ಕುಡಿಸಿ ಕಳಿಸಿಕೊಡಿ.

ದುಡ್ಡಿನ ಮಾತು. ವಿದೇಶಿ ದೇಣಿಗೆ ಕಾಯ್ದೆಯ 2020ರ ತಿದ್ದುಪಡಿ ಆಡಳಿತ ವೆಚ್ಚದ ಮಿತಿಯನ್ನು ಶೇ. 50ರಿಂದ 20ಕ್ಕೆ ಇಳಿಸಿತು. ಆದ್ದರಿಂದ ‘ಸಿಬ್ಬಂದಿ ಕ್ಷೇಮ’ ಎಂದು ಆಡಳಿತದ ತಲೆಬರಹದಡಿ ಹಾಕಿದ ದುಡ್ಡು ಮೊದಲು ಕತ್ತರಿಸಿಹೋಗುತ್ತದೆ. ಸಂತ್ರಸ್ತರ ಜೊತೆ ಮಾಡುವ ಕೆಲಸದ ವೃತ್ತಿಪರ ಮೇಲ್ವಿಚಾರಣೆ ಎಂದು ಕಾರ್ಯಕ್ರಮದ ಸಾಲಿನಲ್ಲೇ, ಪ್ರಸ್ತಾವ ಬರೆಯುವಾಗಲೇ ಸೇರಿಸಿ, ಲೆಕ್ಕಪರಿಶೋಧಕರಿಗೆ ಮೊದಲೇ ತೋರಿಸಿ. ವರ್ಷಕ್ಕೆ 60 ಲಕ್ಷ ಖರ್ಚಿನ, ಹನ್ನೆರಡು ಜನರ ಸಂಸ್ಥೆಗೆ ಒಂದು ಅಂದಾಜು: ತಿಂಗಳ ಸಭೆಗೆ ಬರುವವರಿಗೆ ಪ್ರಯಾಣ ಸೇರಿ 5,000ದಂತೆ 60,000, ಬೇಕಾದವರಿಗೆ ವೈಯಕ್ತಿಕ ಸಮಾಲೋಚನೆ ಒಟ್ಟು 40 ಬಾರಿ, 1,500ರಂತೆ 60,000, ಫೀಲ್ಡಿಗೆ ಎರಡನೆಯವರ ಪ್ರಯಾಣ ಖರ್ಚು 30,000, ಮನೋವೈದ್ಯರು, ಔಷಧಿ, ತುರ್ತು ಓಡಾಟಕ್ಕೆ 30,000. ಒಟ್ಟು 1,80,000, ಅಂದರೆ ಶೇ. 3. ಸಮಾಲೋಚನೆಯ ಬಿಲ್ಲಿನಲ್ಲಿ ಸಿಬ್ಬಂದಿಯ ಹೆಸರು ಬೇಡ. ಸಮಾಲೋಚಕರು ತಿಂಗಳಿಗೆ ‘ಇಷ್ಟು ಭೇಟಿ’ ಎಂದು ಒಂದೇ ಬಿಲ್ಲು ಕೊಡಲಿ. ಗುಂಪು ವಿಮೆ ಮಾಡಿಸುವಾಗ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 21(4)ನೇ ಕಲಮನ್ನು ನೆನಪಿಸಿ, ದೈಹಿಕ ಕಾಯಿಲೆಯಂತೆಯೇ ಮಾನಸಿಕ ಕಾಯಿಲೆಗೂ ವಿಮೆ ಕೊಡಬೇಕೆಂದು ಅದು ಹೇಳುತ್ತದೆ. ಸಾಮಾನ್ಯ ಪಾಲಿಸಿಗಳು ಒಳರೋಗಿ ಚಿಕಿತ್ಸೆಗಷ್ಟೇ ಸೀಮಿತವಾಗಿರುವುದರಿಂದ ಸಮಾಲೋಚನೆಯ ದುಡ್ಡನ್ನು ಬೇರೆಯಾಗಿಯೇ ಇಡಿ.

ಅನುದಾನ ನಿಲ್ಲುವ ಸೂಚನೆ ಇದ್ದರೆ ಸಿಬ್ಬಂದಿಗೆ ಹೇಳಿಬಿಡಿ. ಆಮ್ನೆಸ್ಟಿಯ ಭಾರತ ಶಾಖೆ, ಬೆಂಗಳೂರಿನಲ್ಲಿ ಕಛೇರಿಯಿದ್ದದ್ದು, ಬ್ಯಾಂಕ್ ಖಾತೆಗಳು ಸ್ಥಗಿತಗೊಂಡು 2020ರ ಸೆಪ್ಟೆಂಬರಿನಲ್ಲಿ ಕೆಲಸ ನಿಲ್ಲಿಸಿದಾಗ ಸಿಬ್ಬಂದಿಯನ್ನೆಲ್ಲ ಕೆಲಸದಿಂದ ಬಿಡಿಸಬೇಕಾಯಿತು. ಅಂಥದ್ದನ್ನು ತಡೆಯುವುದು ನಮ್ಮ ಕೈಯಲ್ಲಿಲ್ಲ. ಮೂರು ತಿಂಗಳ ಸಂಬಳದ ಮೀಸಲು ನಿಧಿ ಇದೆಯೋ ಇಲ್ಲವೋ ಎಂದು ತಿಳಿಸುವುದು ಇದೆ. ಅನಿಶ್ಚಿತತೆಗಿಂತ ಕೆಟ್ಟ ಸುದ್ದಿಯೇ ವಾಸಿ, ಜನ ಬೇರೆ ಕೆಲಸವಾದರೂ ಹುಡುಕಿಕೊಳ್ಳುತ್ತಾರೆ.

ಕೊನೆಗೆ ಫೋನಿನ ವಿಷಯ. ಐದು ವರ್ಷದಿಂದ ಕೆಲಸ ಮಾಡುವ ಕಾರ್ಯಕರ್ತೆಯ ಸ್ವಂತ ನಂಬರು ನೂರಾರು ಸಂತ್ರಸ್ತರ ಬಳಿ ಇರುತ್ತದೆ. ‘ರಜೆ ತಗೊಳಮ್ಮ’ ಎಂದು ಕಳಿಸಿದರೂ ತವರಿನ ಜಗಲಿಯಲ್ಲಿ ಕೂತು ಅವಳು ಕರೆಗಳನ್ನೇ ತೆಗೆದುಕೊಳ್ಳುತ್ತಿರುತ್ತಾಳೆ. ಇದನ್ನು ಒಂದೇ ದಿನದಲ್ಲಿ ಬದಲಿಸಲಾಗದು. ಸಂಸ್ಥೆಯದೇ ಒಂದು ಸಿಮ್, ಒಂದು ಫೋನು ತನ್ನಿ. ವಾರಕ್ಕೊಬ್ಬರು ಸರದಿಯಲ್ಲಿ ಇಟ್ಟುಕೊಳ್ಳಲಿ, ಸರದಿಯ ಪಟ್ಟಿ ಗೋಡೆಯ ಮೇಲಿರಲಿ. ಮೊದಲ ತಿಂಗಳು ಹೊಸ ಪ್ರಕರಣಗಳಿಗೆ ಆ ನಂಬರನ್ನಷ್ಟೇ ಕೊಡಿ. ಎರಡನೆಯ ತಿಂಗಳು ನಡೆಯುತ್ತಿರುವ ಪ್ರಕರಣಗಳ ಪ್ರತಿಯೊಬ್ಬರ ಬಳಿಗೂ ಕಾರ್ಯಕರ್ತೆ ಇನ್ನೊಬ್ಬ ಸಹೋದ್ಯೋಗಿಯನ್ನು ಕರೆದುಕೊಂಡು ಹೋಗಿ ಮುಖಾಮುಖಿ ಪರಿಚಯಿಸಲಿ, ಫೋನಿನಲ್ಲಿ ಹೇಳಿದರೆ ನಂಬಿಕೆ ಬರುವುದಿಲ್ಲ. ಮೂರನೆಯ ತಿಂಗಳಿಂದ ಸಂಜೆ ಏಳರಿಂದ ಬೆಳಿಗ್ಗೆ ಒಂಬತ್ತರವರೆಗೆ, ಮತ್ತು ರಜೆಯ ದಿನಗಳಲ್ಲಿ, ಸ್ವಂತ ನಂಬರಿನ ಕರೆಗಳನ್ನು ಆ ಫೋನಿಗೆ ಫಾರ್ವರ್ಡ್ ಮಾಡಿ. ಮನೆಯವರ ಕರೆಗಳೂ ಅಲ್ಲಿಗೇ ಹೋಗಿಬಿಡುತ್ತವೆ ಎಂಬ ಕಾರಣಕ್ಕೆ ಬಹಳ ಕಡೆ ಇದು ಒಂದೇ ವಾರಕ್ಕೆ ನಿಂತುಹೋಗುತ್ತದೆ. ಅದಕ್ಕೆ ಮೊದಲೇ ಕಾರ್ಯಕರ್ತೆಗೆ ಮನೆಯವರಿಗೆಂದು ಬೇರೆ ಸಿಮ್ ಕೊಡಿಸಿ, ರೀಚಾರ್ಜ್ ಸಂಸ್ಥೆಯದು.